ಗುಂಡಭಾವನ ಕೆಂಪು ಕೋಟು

ನನ್ನ ಅಕ್ಕ ಬೆಳ್ಳಿಯ ಗಂಡ ಗುಂಡಭಾವನಿಗೆ ಏಡಿ ಎಂದರೆ ಪ್ರಾಣ. ದೇವರೇ ಪ್ರತ್ಯಕ್ಷನಾಗಿ ಏನು ವರ ಬೇಕು ಎಂದು ಕೇಳಿದ್ದರೂ, ಸ್ವಲ್ಪ ಆಚೆ ಸರಿ ಸ್ವಾಮಿ, ನಿನ್ನ ಕಾಲ ಬುಡದಲ್ಲಿ ಏಡಿ ತೂತು ಇದೆ ಅನ್ನುವ ಜಾತಿ ಅವನು. ನನಗೆ ಏಡಿ ಆಗದು, ತಿಂದರೆ ಬಾಯೆಲ್ಲ ತುರಿಸುತ್ತದೆ. ಹಾಗಾಗಿ ಏಡಿಯ ವಿಷಯದಲ್ಲಿ ನಾನು ಹೇಳುವುದನ್ನು ನೀವು ನಂಬಬಹುದು.

ಭಾವ ಹುಟ್ಟಿ ಬೆಳೆದದ್ದು ಬಾಳೆಲೆಯ ಕಡೆ, ಯಾರದೋ ಭತ್ತದ ಗದ್ದೆಯಲ್ಲಿ ಆಳಾಗಿ. ಆ ಕಡೆ ಒಂದು ಕಟ್ಟಳೆ ಇದೆ: ಗದ್ದೆ ಬದುವಿನಲ್ಲಿ ಏಡಿ ಹಿಡಿದವನೇ ಅದರ ತೂತು ಮುಚ್ಚಬೇಕು. ಮುಚ್ಚದಿದ್ದರೆ ಮೇಲಿನ ಗದ್ದೆಯ ನೀರು ಕೆಳಗಿನ ಗದ್ದೆಗೆ ಸೋರಿ, ಎರಡು ಮನೆಯ ಯಜಮಾನರು ಜಗಳಕ್ಕೆ ಬಿದ್ದು, ಕೊನೆಗೆ ಒದೆ ಮಾತ್ರ ಆಳಿಗೆ ಬೀಳುತ್ತದೆ. ಭಾವ ಚಿಕ್ಕಂದಿನಲ್ಲೇ ಈ ಒದೆಗಳನ್ನು ಸಾಕಷ್ಟು ತಿಂದಿದ್ದ. ಹೆಗಲವರೆಗೆ ಕೈ ತೂರಿಸಿ ಏಡಿ ಎಳೆದು ಬುಟ್ಟಿಗೆ ಹಾಕಿದ ಮೇಲೆ, ಒಂದು ಹಿಡಿ ಹುಲ್ಲು, ಒಂದು ಹೆಂಟೆ ಜೇಡಿಮಣ್ಣು ತುರುಕಿ ಹಿಮ್ಮಡಿಯಿಂದ ಗುದ್ದುತ್ತಿದ್ದ. ಊಟವಾದ ಮೇಲೆ ಕೈ ತೊಳೆಯುವಾಗ ನಾವೇನು ಯೋಚನೆ ಮಾಡುತ್ತೇವೆಯೇ, ಅವನೂ ಮಾಡುತ್ತಿರಲಿಲ್ಲ.

ನಮ್ಮ ಕಾಫಿ ತೋಟ ತಿತಿಮತಿಯಿಂದ ಆಚೆ, ಕಾಡಿನ ಅಂಚಿನಲ್ಲಿ. ಜರ್ಮನ್ ಯುದ್ಧ ಮುಗಿದ ಮೇಲೆ ಬಂದ ಬಿಳಿ ದೊರೆ ಹಳ್ಳಕ್ಕೆ ಅಡ್ಡಲಾಗಿ ಮಣ್ಣಿನ ಏರಿ ಹಾಕಿಸಿ ಒಂದು ಕೆರೆ ಮಾಡಿದರು. ಕಾಫಿ ಹಣ್ಣು ತೊಳೆಯಲು ನೀರು ಬೇಕಿತ್ತು. ಮಣ್ಣು ಹೊತ್ತವರು ನಾವು, ಕಟ್ಟಿದವರು ದೊರೆ ಎಂದು ಹೆಸರಾಯಿತು. ಏರಿಯ ಕೆಳಗೆ ಜಾಗ ಸಮತಟ್ಟಾಗಿದೆ ಎಂದು ಕೂಲಿಗಳ ಮನೆಸಾಲಾದ ಲೈನನ್ನು ಅಲ್ಲೇ ಕಟ್ಟಿಸಿದರು. ಮೇಲೆ ನೀರು, ಕೆಳಗೆ ನಾವು. ಮೊದಲ ಮನೆ ಅಕ್ಕನದು. ಅವಳ ಒಲೆಯ ಹಿಂದಿನ ಗೋಡೆಗೂ ಏರಿಯ ಬುಡಕ್ಕೂ ನಡುವೆ ಒಂದು ಎಮ್ಮೆ ಮಲಗುವಷ್ಟು ಜಾಗ. ಏರಿ ನೂರು ವರ್ಷ ನಿಲ್ಲುತ್ತದೆ ಎಂದು ದೊರೆ ಹೇಳಿದರು. ಅವರು ಕೊಡಗಿಗೆ ಬಂದು ಇನ್ನೂ ಎರಡನೇ ಮಳೆಗಾಲ.

ಆಮೇಲೆ ದೊರೆಸಾನಿಗೆ ಬೇಸರ ಬಂತು. ಬಡವರಿಗೆ ಬೇಸರ ಬಂದರೆ ಬೈಸಿಕೊಳ್ಳುತ್ತಾರೆ, ದೊರೆಸಾನಿಗೆ ಬಂದರೆ ಮದ್ರಾಸಿನಿಂದ ದೋಣಿ ಬರುತ್ತದೆ. ಭಾನುವಾರ ಮೋಟಾರಿನಲ್ಲಿ ನೆಂಟರು ಬಂದು, ಏರಿಯ ಮೇಲೆ ಕುರ್ಚಿ ಹಾಕಿ ರೊಟ್ಟಿ ತಿಂದು, ದೋಣಿ ಹತ್ತಿ ಕೆರೆಯನ್ನು ಸುತ್ತು ಹಾಕಿ, ಹತ್ತಿದ ಜಾಗದಲ್ಲೇ ಇಳಿಯುತ್ತಿದ್ದರು. ಎಲ್ಲಿಗೂ ಹೋಗದೆ ಬೆವರುವುದಕ್ಕೆ ವಿಹಾರ ಎಂದು ಹೆಸರಂತೆ. ಗಾಣದ ಎತ್ತು ಇಷ್ಟು ದಿನ ಮಾಡುತ್ತಿದ್ದದ್ದೂ ಅದೇ ಎಂದು ನಮಗೆ ತಿಳಿದಿರಲಿಲ್ಲ.

ಒಂದು ಭಾನುವಾರ ಯಾರೋ ನೆಂಟರಮ್ಮನ ಟೋಪಿ ನೀರಿಗೆ ಬಿತ್ತು. ಟೋಪಿ ಮುಳುಗಿದ ದುಃಖಕ್ಕೆ ದೊರೆ ಕೆರೆಯ ಸುತ್ತ ಸುರಕ್ಷತೆಯ ಏರ್ಪಾಡು ಮಾಡಿದರು. ನೀರಿಗೆ ಬಿದ್ದವರು ಹಿಡಿದು ತೇಲಲೆಂದು ಬೆಂಡು ತುಂಬಿದ ದೊಡ್ಡ ಬಳೆಗಳನ್ನು ಕಂಬಕ್ಕೆ ತೂಗುಹಾಕಿದರು. ಅಪಾಯ ಎಂದು ಇಂಗ್ಲಿಷಿನಲ್ಲಿ ಕೆಂಪು ಬಣ್ಣದಲ್ಲಿ ಬರೆಸಿ ಹಲಗೆ ನೆಟ್ಟರು. ಇಂಗ್ಲಿಷ್ ಓದಬಲ್ಲವರೆಲ್ಲ ದೋಣಿಯೊಳಗೇ ಇರುತ್ತಿದ್ದರು. ಏರಿಯ ಮೇಲಿನ ಹುಲ್ಲನ್ನು ಹಾವು ಬರಬಾರದೆಂದು ನುಣ್ಣಗೆ ಕೆತ್ತಿಸಿದರು. ಕೆಳಗೆ ಲೈನಿನಲ್ಲಿದ್ದ ನಮಗೆ ಬಳೆ ಕೊಡಲಿಲ್ಲ, ನಾವು ಒಣ ನೆಲದಲ್ಲಿದ್ದೆವಲ್ಲ.

ಏರಿಯಲ್ಲಿ ದಿನಾ ಏಡಿ ಹಿಡಿದು ತೂತು ಮುಚ್ಚುತ್ತಿದ್ದ ಭಾವ ಈ ಏರ್ಪಾಡಿನ ನಡುವೆಯೇ ಸಿಕ್ಕಿಬಿದ್ದ. ಏರಿಗೆ ಬೋರಲಾಗಿ ಅಂಟಿಕೊಂಡು ಹೆಗಲವರೆಗೆ ಕೈ ತೂರಿಸಿದವನನ್ನು ನೆಂಟರೊಬ್ಬರು ನೋಡಿ, ಯಾರೋ ಏರಿ ಕೊರೆಯುತ್ತಿದ್ದಾನೆ ಎಂದು ಕೂಗಿದರು. ತೋಟದ ಲೆಕ್ಕ ಬರೆಯುವ ರೈಟರ್ ಮರುಳಸಿದ್ದಪ್ಪನವರನ್ನು ಕರೆಸಿದರು. ಅವರು ಶನಿವಾರಸಂತೆ ಕಡೆಯ ಲಿಂಗವಂತರು, ಏಡಿಯ ಹೆಸರು ಹೇಳಿದರೆ ಬಾಯಿ ಮುಕ್ಕಳಿಸುವವರು.

"ಏನ್ಲಾ ಗುಂಡ, ದೊರೆ ಕೆರೇಲಿ ಕಳ್ಳತನವಾ?" ಎಂದರು.

ಭಾವ ಏಡಿಯನ್ನು ಬೆನ್ನ ಹಿಂದೆ ಹಿಡಿದು ನಿಂತಿದ್ದ. ಅದು ಅವನ ಹೆಬ್ಬೆರಳನ್ನು ಕಚ್ಚಿ ಹಿಡಿದಿತ್ತು. ಕಣ್ಣಿನಿಂದ ನೀರು ದಳದಳ ಸುರಿಯಿತು, ಬಾಯಿ ಬಿಡಲಿಲ್ಲ. ದೊರೆ ಅದನ್ನು ಪಶ್ಚಾತ್ತಾಪ ಎಂದು ತಿಳಿದರು. ಇಷ್ಟು ಒಳ್ಳೆಯ ಮನಸ್ಸಿನವನನ್ನು ತಿದ್ದಬಹುದೆಂದು ಅವನನ್ನೇ ಕೆರೆಯ ಕಾವಲಿಗೆ ನೇಮಿಸಿದರು. ಒಂದು ಕೆಂಪು ಕೋಟು, ಒಂದು ಹಿತ್ತಾಳೆ ಸೀಟಿ ಕೊಟ್ಟರು. ಏರಿ ಯಾರೂ ಹತ್ತಬಾರದು, ಮಣ್ಣಿಗೆ ಯಾರೂ ಕೈ ಹಾಕಬಾರದು, ಮೀನು, ಏಡಿ ಎಲ್ಲ ದೊರೆಯದು. ಯಾರಾದರೂ ತಪ್ಪಿದರೆ ಸೀಟಿ ಊದಬೇಕು.

"ಕಳ್ಳನ ಕೈಗೆ ಕೀಲಿಕೈ ಕೊಟ್ಟಂಗಾಯ್ತು," ಎಂದರು ರೈಟರು.

ಹಾಗಾಗಿದ್ದರೆ ಎಷ್ಟೋ ಚೆನ್ನಾಗಿತ್ತು. ಭಾವ ಪ್ರಾಮಾಣಿಕನಾಗಿಬಿಟ್ಟ. ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದನಂತೆ, ನಮ್ಮ ಭಾವ ಕೋಟು ಹಾಕಿಕೊಂಡೇ ಉಣ್ಣುತ್ತಿದ್ದ. ಏರಿಯ ಹತ್ತಿರ ಹೋದ ಎಮ್ಮೆಗೂ ಸೀಟಿ ಊದಿದ, ನನಗೂ ಊದಿದ. ಅಂಗೈ ಅಗಲದ ಏಡಿಗಳು ಅವನ ಕಾಲ ಮುಂದೆಯೇ ಅಡ್ಡಡ್ಡ ನಡೆದು ಹೋಗುತ್ತಿದ್ದವು. ಅವನು ಎಂಜಲು ನುಂಗಿ ಬೇರೆ ಕಡೆ ನೋಡುತ್ತಿದ್ದ.

"ದಿನಾ ಬರೀ ಸೊಪ್ಪೇ ಆಯ್ತು. ನಿನ್ನ ಕೋಟನ್ನಾದ್ರೂ ಬೇಯಿಸಿ ಹಾಕ್ಲಾ?" ಎಂದು ಅಕ್ಕ ಕೇಳುತ್ತಿದ್ದಳು.

ಮಳೆಗಾಲ ಬಂತು. ಹಿಡಿಯುವವರಿಲ್ಲದೆ ಏಡಿಗಳು ಸಂಸಾರ ಬೆಳೆಸಿದವು, ಏರಿಯ ತುಂಬ ಮನೆ ಮಾಡಿಕೊಂಡವು. ತೂತುಗಳು ನಮಗೆಲ್ಲ ಕಾಣುತ್ತಿದ್ದವು. ಅದು ದೊರೆಯ ಏಡಿ, ದೊರೆಯ ತೂತು ಎಂದು ಎಲ್ಲರೂ ಸುಮ್ಮನಿದ್ದೆವು. ಮೊದಲು ಅಕ್ಕನ ಒಲೆಯ ಹಿಂದಿನ ಗೋಡೆ ತೇವವಾಯಿತು. ಆಮೇಲೆ ಗೋಡೆಯ ಬುಡದಲ್ಲಿ ನೀರು ಜಿನುಗಿತು. ಅಕ್ಕ ಗಂಡನಿಗೆ ಹೇಳಿದಳು.

"ನನ್ನ ಆಡರು ಏರಿ ಹತ್ತೋರ ಮೇಲೆ. ಕೆಳಗೆ ಹರಿಯೋ ನೀರಿನ ಮೇಲಲ್ಲ," ಎಂದ ಭಾವ.

ರೈಟರಿಗೆ ಹೇಳಿದಳು. "ಮಳೆಗಾಲದಾಗೆ ನೆಲ ಒದ್ದೆ ಆಗ್ದೆ ಇನ್ನೇನಾಗ್ತದವ್ವಾ?" ಎಂದು ಕೊಡೆ ಬಿಚ್ಚಿಕೊಂಡು ಹೋದರು. ಅಕ್ಕ ಅವತ್ತೇ ಕೋಳಿಗಳನ್ನು ಎತ್ತಿಕೊಂಡು ಹೋಗಿ ಕಾಫಿ ಗುಡ್ಡದ ಮೇಲೆ ಬುಟ್ಟಿ ಮುಚ್ಚಿ ಇಟ್ಟಳು. ನೀನೂ ಹೋಗಿ ಅಲ್ಲೇ ಇರು ಎಂದೆ. ಕಾವಲಿನವನ ಹೆಂಡತಿಯೇ ಓಡಿದರೆ ಊರು ನಗುತ್ತದೆ ಎಂದು ಭಾವ ಬಿಡಲಿಲ್ಲವಂತೆ. ಲೈನಿನ ತುಂಬ ಮಕ್ಕಳು, ಮುದುಕರು. ನನಗೆ ನಿಜವಾಗಿ ಹೆದರಿಕೆಯಾಯಿತು.

ಕೈಲುಮುಹೂರ್ತದ ಹಬ್ಬದ ಹೊತ್ತಿಗೆ ಮಳೆ ಸ್ವಲ್ಪ ಬಿಡುವು ಕೊಟ್ಟಿತು. ಕೆರೆ ಕೋಡಿ ಬಿದ್ದಿತ್ತು. ಇಷ್ಟು ಚೆಂದ ತುಂಬಿದೆ ಎಂದು ದೊರೆಸಾನಿ ವಿಹಾರಕ್ಕೆ ನೆಂಟರನ್ನೆಲ್ಲ ಕರೆದರು. ಅವತ್ತು ಅಕ್ಕನ ಮನೆಗೆ ಬಂದ ನೀರು ಕೆಂಪಗಿತ್ತು, ಏರಿಯ ಮಣ್ಣನ್ನೇ ಹೊತ್ತು ತಂದಿತ್ತು. ಅದು ಒಲೆಗೆ ನುಗ್ಗಿ ಬೆಂಕಿ ಆರಿತು. ಅಕ್ಕ ಮೂಲೆಯಲ್ಲಿದ್ದ ಏಡಿ ಬುಟ್ಟಿ ತೆಗೆದುಕೊಂಡು ನೇರ ಏರಿ ಹತ್ತಿದಳು. ನೆಂಟರು ಕುರ್ಚಿಯಲ್ಲಿ ಕುಳಿತಿದ್ದಂತೆಯೇ, ಲೈನಿನ ಕಡೆಯ ಇಳಿಜಾರಿನಲ್ಲಿ ಮಂಡಿಯೂರಿ ಒಂದು ತೂತಿಗೆ ಕೈ ಹಾಕಿದಳು.

"ಬೆಳ್ಳಿ, ಇಳಿಯೇ. ದೊರೆ ನೋಡ್ತಾವ್ರೆ," ಎಂದ ಭಾವ ಮೆಲ್ಲಗೆ.

"ನೋಡ್ಲಿ. ನೀನು ಊದು."

ಅವನು ಅವಳನ್ನು ನೋಡಿದ, ದೊರೆಯನ್ನು ನೋಡಿದ. ಊದಿದ. ಆಗ ಅವನ ಮೇಲೆ ನನಗೆ ಬಂದ ಸಿಟ್ಟು ಇವತ್ತಿಗೂ ಪೂರ್ತಿ ಇಳಿದಿಲ್ಲ.

ಆದರೆ ಆ ಸೀಟಿಗೆ ಲೈನಿಗೆ ಲೈನೇ ಎದ್ದು ಬಂತು. ಗಂಡ ಹೆಂಡತಿಯನ್ನೇ ಹಿಡಿದುಕೊಡುವ ತಮಾಷೆ ದಿನಾ ಸಿಗುತ್ತದೆಯೇ? ಹೆಂಗಸರು ಕೂಸುಗಳನ್ನು ಸೊಂಟಕ್ಕೇರಿಸಿಕೊಂಡು ಗುಡ್ಡದ ಕಡೆಗೆ ಓಡಿ ನಿಂತರು, ಅಲ್ಲಿಂದ ಚೆನ್ನಾಗಿ ಕಾಣುತ್ತಿತ್ತು. ನಡೆಯಲಾಗದ ಮುದುಕಿ ದೊಡ್ಡಿ ಕೂಡ ಮಗನ ಬೆನ್ನೇರಿ ಬಂದಳು.

ಅಕ್ಕ ಏಡಿ ಎಳೆದಳು. ಅದರ ಹಿಂದೆಯೇ ತೋಳು ದಪ್ಪದ ನೀರು ಬಂತು.

ಭಾವನ ಬಾಯಿಂದ ಸೀಟಿ ಬಿತ್ತು. ಆಮೇಲೆ ಅವನು ಮಾಡಿದ್ದನ್ನು ಯೋಚಿಸಿ ಮಾಡಲಿಲ್ಲ. ಕೈ ಹುಲ್ಲು ಹುಡುಕಿತು. ಕೆತ್ತಿಸಿದ ಏರಿಯಲ್ಲಿ ಹುಲ್ಲೆಲ್ಲಿಂದ ಬರಬೇಕು? ಮೈಮೇಲಿನ ಕೆಂಪು ಕೋಟು ಕಿತ್ತು ತೂತಿಗೆ ತುರುಕಿ ಹಿಮ್ಮಡಿಯಿಂದ ಗುದ್ದತೊಡಗಿದ. "ಲೈನಿಗೆ ಯಾರೂ ಇಳೀಬೇಡಿ," ಎಂದು ಕೂಗಿದ. ಲೈನಿನಲ್ಲಿ ಉಳಿದಿದ್ದ ಇಬ್ಬರು ಮೂವರನ್ನು ನಾನು ಎಳೆದು ತರುವವರೆಗೆ ಕೋಟು ತಡೆಯಿತು. ಕೊನೆಗೆ ಅಕ್ಕ ಅವನ ಜುಟ್ಟು ಹಿಡಿದು ಗುಡ್ಡದ ಕಡೆಗೆ ಎಳೆದಳು. ನೆಂಟರು ರೊಟ್ಟಿ ಬಿಟ್ಟು ಓಡಿದರು. ಏರಿ ದಣಿದ ಎಮ್ಮೆಯಂತೆ ಕುಸಿದು ಕುಳಿತಿತು. ದೋಣಿ ಅಕ್ಕನ ಮನೆಯ ಮೇಲೆ ಹಾದು ಕೆಳಗಿನ ಗದ್ದೆಯವರೆಗೆ ಹೋಯಿತು. ಅದು ಎಲ್ಲಿಗಾದರೂ ಹೋದದ್ದು ಅದೇ ಮೊದಲು. ಬೆಂಡಿನ ಬಳೆಗಳು ಬಹಳ ಚೆನ್ನಾಗಿ ತೇಲಿದವು, ಒಳಗೆ ಯಾರೂ ಇರಲಿಲ್ಲ.

ಒಂದು ಜೀವವೂ ಹೋಗಲಿಲ್ಲ. ಲೈನು ಹೋಯಿತು.

ದೊರೆ ವಿಚಾರಣೆ ಮಾಡಿದರು. ಹೆಂಗಸು ಏಡಿ ಕಿತ್ತದ್ದರಿಂದ ಏರಿ ಒಡೆಯಿತು ಎಂದು ತೀರ್ಮಾನವಾಯಿತು. ಭಾವ ಸರಿಯಾದ ಸಮಯಕ್ಕೆ ಸೀಟಿ ಊದಿದ್ದಕ್ಕೆ ಮೆಚ್ಚಿಕೊಂಡರು, ಕೋಟು ಹಾಳು ಮಾಡಿದ್ದಕ್ಕೆ ಕೆಲಸದಿಂದ ತೆಗೆದರು. ಗಂಡ ಹೆಂಡತಿ ಕೋಳಿಗಳನ್ನು ಎತ್ತಿಕೊಂಡು ಬಾಳೆಲೆಗೆ ಹೋದರು. ಅಲ್ಲಿ ಈಗ ಚೆನ್ನಾಗಿ ತಿಂದುಕೊಂಡಿದ್ದಾರೆ.

ಏರಿಯನ್ನು ಅಲ್ಲೇ ಮತ್ತೆ ಕಟ್ಟಿದೆವು. ತಳಪಾಯದ ಕಲ್ಲು ಉಳಿದಿತ್ತು ಎಂದು ಲೈನನ್ನೂ ಅಲ್ಲೇ ಕಟ್ಟಿಸಿದರು. ಕಾವಲಿಗೆ ರೈಟರು ತಮ್ಮ ಊರಿನವನನ್ನೇ ತಂದರು. ಹುಟ್ಟಿದಾಗಿನಿಂದ ಏಡಿ ಮುಟ್ಟಿದವನಲ್ಲ ಎಂಬುದೇ ಅವನ ಯೋಗ್ಯತೆ. ಅವನಿಗೂ ಕೆಂಪು ಕೋಟು ಬಂದಿದೆ. ಅಕ್ಕನ ಮನೆಯಿದ್ದ ಜಾಗದ ಮೊದಲ ಮನೆಯನ್ನು ನನಗೂ ನನ್ನ ಹೆಂಡತಿ ಚಿನ್ನಿಗೂ ಕೊಟ್ಟಿದ್ದಾರೆ.

ಕಾವಲಿನವನು ಬೆಳಿಗ್ಗೆ ಪೂಜೆಗೆ ಕುಳಿತಾಗ ನಾನು ಬುಟ್ಟಿ ಹಿಡಿದು ಏರಿಗೆ ಹೋಗುತ್ತೇನೆ. ಕೈ ತೂರಿಸುತ್ತೇನೆ, ಎಳೆಯುತ್ತೇನೆ, ಹುಲ್ಲು, ಮಣ್ಣು ತುರುಕಿ ಹಿಮ್ಮಡಿಯಿಂದ ಗುದ್ದುತ್ತೇನೆ. ಹಿಡಿದದ್ದನ್ನು ಎಸೆದರೆ ಮತ್ತೆ ಏರಿಗೇ ಹೋಗುತ್ತದೆ. ಅದಕ್ಕೇ ಚಿನ್ನಿ ಬೇಯಿಸುತ್ತಾಳೆ, ನಾನು ತಿನ್ನುತ್ತೇನೆ. ಬಾಯಿ ಇವತ್ತಿಗೂ ತುರಿಸುತ್ತದೆ.