ಮೊದಲ ದಿನ ಹೇಳಬೇಕಾದ ಮಾತು

ನಮ್ಮ ಮೊಮ್ಮಗಳು ಗೋಲ್ಫ್ ಆಟದಲ್ಲಿ ಫಸ್ಟ್ ಬಂದಳು. ಹೌದು, ಗೋಲ್ಫೇ. ಅವಳಪ್ಪ, ಅಂದರೆ ನನ್ನ ಅಳಿಯ, ಮೈಸೂರಲ್ಲಿ ಗೋಲ್ಫ್ ಮೈದಾನದ ಹುಲ್ಲು ನೋಡಿಕೊಳ್ಳುವವ. ನಿನ್ನೆ ಕಪ್ ಹಿಡಿದುಕೊಂಡು ಎಲ್ಲರೂ ಸಿದ್ದಾಪುರಕ್ಕೆ ಬಂದಿಳಿದರು. ನಾನು ನಾಲ್ಕನೇ ಕ್ಲಾಸಿನವರೆಗೆ ಓದಿದವ, ಸಂತೋಷವನ್ನು ಬರೆಯಲು ಬರುವುದಿಲ್ಲ. ಮೂರು ಮನೆಗೆ ಹೋಗಿ ಹೇಳಿ ಬಂದೆ, ಒಂದು ಮನೆಗೆ ಎರಡು ಸಲ.

ಇವತ್ತು ಬೆಳಿಗ್ಗೆ ಅಂಗಳದಲ್ಲಿ ಅವಳು ಬ್ಯಾಗು ಬಿಚ್ಚಿದಾಗ ನೀಲಗಿರಿ ಎಣ್ಣೆಯ ವಾಸನೆ ಬಂತು. ಹೋದ ವರ್ಷ ಮೊಣಕೈ ನೋವಿಗೆ ಆಟವನ್ನೇ ಬಿಡುವಂತಾಗಿತ್ತು ಅವಳಿಗೆ. ಈಗ ಚೆಂಡಿಲ್ಲದೆ ಬರಿಗೋಲನ್ನು ನಿಧಾನ ಬೀಸುತ್ತಿದ್ದಳು, ಬಲಕ್ಕೊಮ್ಮೆ, ಎಡಕ್ಕೊಮ್ಮೆ.

"ಎಂತ ಮಾರಾಯ್ತಿ, ನೊಣ ಓಡಿಸ್ತೀಯಾ?" ಅಂದೆ.

"ಮೈ ಬಿಸಿ ಮಾಡ್ಕೊಳ್ಳೋದು ಅಜ್ಜಾ. ಕೋಲು ಬಿಗಿ ಹಿಡೀಬಾರದು. ಬರೀ ತೋಳಿಂದ ಹೊಡೀಬಾರದು, ಸೊಂಟ ತಿರುಗಬೇಕು. ನೋವು ಬಂದ್ರೆ ಅವತ್ತಿಗೆ ನಿಲ್ಲಿಸ್ಬೇಕು. ಹೊಸ ಟೀಚರ್ ಮೊದಲ ದಿನವೇ ಹೇಳಿಕೊಟ್ರು."

ಮೊದಲ ದಿನವೇ...

ಕೋಲಸಿರ್ಸಿ ಹತ್ತಿರ ಚಿರೆಕಲ್ಲು ಕಡಿಯುವಲ್ಲಿ ನನಗೊಬ್ಬ ಮೇಸ್ತ್ರಿ ಇದ್ದ. ಮೈಯೆಲ್ಲ ಇದೇ ಎಣ್ಣೆಯ ವಾಸನೆ. ನನ್ನನ್ನು ಮಗಾ ಎಂದೇ ಕರೆಯುತ್ತಿದ್ದ, ತನ್ನ ಬುತ್ತಿಯ ಮೀನು ನನಗೆ ಹಾಕುತ್ತಿದ್ದ. "ಬಿಗಿ ಹಿಡಿ ಮಗಾ, ತೋಳಲ್ಲಿ ಜೋರಿಲ್ವಾ?" ಎನ್ನುತ್ತಿದ್ದ. ಹನ್ನೆರಡು ವರ್ಷ ಪಿಕಾಸಿ ಬಿಗಿ ಹಿಡಿದೆ. ಮೊಣಕೈ ಉರಿದರೆ ಬಟ್ಟೆ ಸುತ್ತಿಕೊಂಡು ಕಡಿದೆ. ನನಗಿಂತ ಎಷ್ಟೋ ದೊಡ್ಡವನಾದ ಅವನ ಕೈಗೆ ಮಾತ್ರ ಏನೂ ಆಗುತ್ತಿರಲಿಲ್ಲ. ದೇವರು ಕೊಟ್ಟ ಕೈ ಎಂದುಕೊಂಡಿದ್ದೆ.

ಒಂದು ದಿನ ಎಲ್ಲರಿಗಿಂತ ಮೊದಲೇ ಹೋದೆ. ಕಲ್ಲಿನ ರಾಶಿಯ ಹಿಂದೆ ಮೇಸ್ತ್ರಿ ಒಬ್ಬನೇ ಒಂದು ಬರಿಗೋಲನ್ನು ಸಡಿಲ ಹಿಡಿದು, ಸೊಂಟ ತಿರುಗಿಸಿ ಬೀಸುತ್ತಿದ್ದ. ಬಲಕ್ಕೊಮ್ಮೆ, ಎಡಕ್ಕೊಮ್ಮೆ.

"ನಂಗ್ಯಾಕೆ ಇದನ್ನ ಹೇಳ್ಲಿಲ್ಲ?" ಅಂದೆ.

ಅವನು ನಾಚಲೂ ಇಲ್ಲ. "ನಿಂಗೂ ಹೇಳಿದ್ರೆ ನನ್ನ ಯಾರು ಕೆಲ್ಸಕ್ಕೆ ಕರೀತಾರೆ ಮಗಾ?"

ಅಷ್ಟರಲ್ಲಿ ನನ್ನ ಕೈ ಹೋಗಿತ್ತು. ಆಮೇಲೆ ಕಲ್ಲು ಕಡಿಯಲಿಲ್ಲ, ಅವನ ಜೊತೆ ಮಾತೂ ಆಡಲಿಲ್ಲ. ಅವನು ತೀರಿಕೊಂಡಾಗ ಊರೆಲ್ಲ ಹೋಯಿತು, ನಾನು ಹೋಗಲಿಲ್ಲ... ಬರೀ ಕೆಟ್ಟವನಾಗಿದ್ದರೆ ಮರೆತುಬಿಡುತ್ತಿದ್ದೆ. ಅವನು ಹಾಕಿದ ಮೀನು ಸುಳ್ಳಲ್ಲವಲ್ಲ, ಅದಕ್ಕೇ ಹೆಚ್ಚು ಉರಿಯುತ್ತದೆ.

ಸಂಜೆ ಮನೆಯವರೆಲ್ಲ ಸಾಲಾಗಿ ಉಣ್ಣಲು ಕೂತೆವು. ನನ್ನ ಬಲಗೈ ಬಾಯಿವರೆಗೆ ಮಡಚುವುದಿಲ್ಲ, ತಲೆಯನ್ನೇ ಬಾಳೆಲೆಗೆ ಬಗ್ಗಿಸಿ ಉಣ್ಣುವವ ನಾನು. ಮೊಮ್ಮಗಳು ಪಾಯಸದ ದೊಡ್ಡ ಪಾತ್ರೆ ಎತ್ತಿಕೊಂಡು ಬಡಿಸುತ್ತ ಬಂದಳು.

"ಕೈ ನೋಯ್ತದಾ?" ಕೇಳಿದೆ.

"ಇಲ್ಲಜ್ಜಾ," ಅಂದವಳು ನಾನು ಬೇಡ ಅಂದರೂ ಇನ್ನೊಂದು ಸೌಟು ಹಾಕಿ ಮುಂದೆ ಹೋದಳು.