ಹಿಂದಿನ ಹಲಗೆಯ ನವಿಲು

ಕಂಪನಿಯ ಮೇಲೆ ದಾವೆ ಗೆಲ್ಲಬಹುದು, ಗೆದ್ದದ್ದನ್ನು ಮನೆಗೆ ತರುವುದರೊಳಗೆ ಸಾಕುಸಾಕಾಗುತ್ತದೆ. ಹೊಸಪೇಟೆಯಲ್ಲಿ ಅಂಥ ತಲೆನೋವಿನ ಕೇಸುಗಳೆಲ್ಲ ನನ್ನ ಆಫೀಸಿಗೇ ಬರುತ್ತಿದ್ದವು. ನಾನು ಭಾರಿ ಬುದ್ಧಿವಂತನೆಂದಲ್ಲ, ಜಗಳಗಂಟನೆಂದು. ಎಪ್ಪತ್ತರ ದಶಕದ ಕೊನೆಗೆ ಹಾಗೆ ಬಂದವನು ಚಿತ್ತವಾಡ್ಗಿಯ ಒಬ್ಬ ಲಾರಿ ಮಾಲೀಕ. ಇದ್ದದ್ದು ಒಂದೇ ಲಾರಿ, ಅದಕ್ಕೆ ಡ್ರೈವರನೂ ಅವನೇ.

ಸಂಡೂರಿನ ಒಂದು ಗಣಿ ಕಂಪನಿಗೆ ಅದಿರು ಹೊಡೆಯಲು ಲಾರಿ ಬಿಟ್ಟಿದ್ದ. ಕೆಲಸ ಬಿಡುತ್ತೇನೆಂದಾಗ ಅಲ್ಲಿನ ಮ್ಯಾನೇಜರ್ ಲಾರಿಯನ್ನೇ ಯಾರ್ಡಿನಲ್ಲಿ ಇಟ್ಟುಕೊಂಡ. ದಾವೆ ಹಾಕುವಾಗ ಗುರುತು ಏನೆಂದು ಕೇಳಿದೆ. “ಹಿಂದಿನ ಹಲಗಿ ಮ್ಯಾಲ ನವಿಲು ಐತ್ರಿ. ನಾನಽ ತಗದೀನಿ” ಎಂದು ಎದೆಯುಬ್ಬಿಸಿ ಹೇಳಿದ. ಪಕ್ಕದಲ್ಲಿದ್ದ ಹೆಂಡತಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು. ಯಾಕೆಂದು ಕೇಳುವ ತಾಳ್ಮೆ ನನಗಿರಲಿಲ್ಲ. ಚಾಸಿ ನಂಬರಿನ ಕೆಳಗೆ ‘ನೀಲಿ ಬಣ್ಣದ ನವಿಲು’ ಎಂದು ಬರೆದೆ.

ಎರಡು ವರ್ಷ ನಡೆದು ಕೇಸು ಗೆದ್ದೆವು. ಅಷ್ಟು ದಿನ ಅವನು ಬೇರೆಯವರ ಲಾರಿಯಲ್ಲಿ ಕ್ಲೀನರ್ ಆಗಿ ದುಡಿದಿದ್ದ. ಕೋರ್ಟಿನ ಆದೇಶ ಜಾರಿ ಮಾಡುವ ಅಮೀನರನ್ನು ಕರೆದುಕೊಂಡು ಯಾರ್ಡಿಗೆ ಹೋದರೆ, ಅಲ್ಲಿ ಲಾರಿಗಳ ಸಾಲು. ಎಲ್ಲದರ ಮೇಲೂ ಬೆರಳು ದಪ್ಪದ ಕೆಂಪು ಧೂಳು. ನಮ್ಮ ನಂಬರ್ ಪ್ಲೇಟು ಯಾವುದಕ್ಕೂ ಇರಲಿಲ್ಲ, ಬದಲಾಯಿಸಿಬಿಟ್ಟಿದ್ದರು. ನಾನು ಕರ್ಚೀಫು ತೆಗೆದು ಹಲಗೆ ಒರೆಸಲು ಹೋದರೆ ಮ್ಯಾನೇಜರ್ ಅಡ್ಡ ಬಂದ.

“ಹುಡುಕ್ರಿ ಅಂತ ಬರದಾರ. ತೊಳೀರಿ ಅಂತ ಬರದಾರೇನ್ರಿ?”

ಲಾರಿಗಳ ಕೆಳಗೆ ನುಗ್ಗಿ ಚಾಸಿ ನಂಬರಾದರೂ ನೋಡಿರೆಂದರೆ ಅಮೀನರು ತಮ್ಮ ಇಸ್ತ್ರಿ ಮಾಡಿದ ಬಿಳಿ ಪಂಚೆಯನ್ನೊಮ್ಮೆ ನೋಡಿಕೊಂಡರು. “ವಕೀಲ್ರ, ನಾ ಅಮೀನ ಅದೀನಿ, ಮೆಕ್ಯಾನಿಕ್ ಅಲ್ಲ” ಎಂದರು. ಎರಡು ಸಲ ಹೋದೆವು. ಎರಡು ಸಲವೂ ‘ಲಾರಿ ಸಿಗಲಿಲ್ಲ’ ಎಂದು ಷರಾ ಬಿತ್ತು. ಇನ್ನೊಂದು ಸಲ ಹೀಗಾದರೆ ಅರ್ಜಿಯನ್ನೇ ಮುಗಿಸಿಬಿಡುತ್ತೇನೆ ಎಂದರು ಜಡ್ಜ್ ಸಾಹೇಬರು. ನನಗೆ ಮೈಯೆಲ್ಲ ಉರಿದುಹೋಯಿತು. ಆಫೀಸಿಗೆ ಬಂದು ಫೈಲನ್ನು ಮೇಜಿನ ಮೇಲೆ ಕುಕ್ಕಿದೆ.

ಆಗ ದಾರಿ ತೋರಿಸಿದವಳು ಜೊತೆಗೆ ಬಂದಿದ್ದ ಲಾರಿ ಮಾಲೀಕನ ಹೆಂಡತಿ. “ಸಿಟ್ಟು ಯಾಕ್ರಿ ವಕೀಲ್ರ, ಕುಂದ್ರಿ. ನಾವು ತೊಳೀಬಾರ್ದು, ಹೌದಿಲ್ರಿ? ಆಯುಧ ಪೂಜಿಗೆ ಅವ್ರಽ ತೊಳೀತಾರ. ಒಂದು ಗಾಡಿ ಪೂಜಿ ಇಲ್ದ ಬಿಟ್ರ ಅವರ ಡ್ರೈವರ್‌ಗಳಽ ಸುಮ್ನಿರಂಗಿಲ್ಲ.”

ಕೋರ್ಟಿನಲ್ಲಿ ಹನ್ನೆರಡು ವರ್ಷ ಕೋಟು ಸವೆಸಿದ ನನಗೆ ಇದು ಹೊಳೆದಿರಲಿಲ್ಲ. ನಾಚಿಕೆಯೂ ಆಯಿತು, ಖುಷಿಯೂ ಆಯಿತು.

ಪೂಜೆಯ ಹಿಂದಿನ ದಿನವೇ ಕೋರ್ಟು ಕೊಟ್ಟಿದ್ದ ಜಪ್ತಿ ವಾರಂಟಿನ ಕೊನೆಯ ದಿನ. ಕಂಪನಿಯವರು ಲಾರಿ ತೊಳೆಯುವ ಕಾಲುವೆ ಪಕ್ಕದ ಬೇವಿನ ಮರದ ಕೆಳಗೆ ನಾನು, ಲಾರಿ ಮಾಲೀಕ, ಅಮೀನರು ಮೂವರೂ ಮಂಡಕ್ಕಿ ಮಿರ್ಚಿ ಹಿಡಿದು ಕೂತೆವು. ಲಾರಿಗಳು ಒಂದೊಂದಾಗಿ ಬಂದವು, ಕಾಲುವೆ ನೀರು ಕೆಂಪಗಾಯಿತು. ಊಟದ ಹೊತ್ತು ದಾಟಿತು. ಅಮೀನರಿಗೆ ತೂಕಡಿಕೆ ಬಂತು. ಇವತ್ತೂ ಕೆಟ್ಟಿತು ಎಂದು ನಾನು ಹಲ್ಲು ಕಡಿಯುತ್ತಿದ್ದಾಗ ಲಾರಿ ಮಾಲೀಕ ದಡಕ್ಕನೆ ಎದ್ದು ನಿಂತ. ಬಕೆಟ್ ನೀರು ಬಿದ್ದಲ್ಲಿ ಒಂದು ಲಾರಿಯ ಹಿಂದಿನ ಹಲಗೆಯ ಮೇಲೆ ನೀಲಿ ಕಾಣುತ್ತಿತ್ತು. ನನ್ನ ತೋಳು ಹಿಡಿದು ಎಳೆದ.

ಓಡಿದೆವು. ತೊಳೆಸಲು ನಿಂತಿದ್ದ ಮ್ಯಾನೇಜರ್ ನಮ್ಮನ್ನು ನೋಡಿ ಬೆಪ್ಪಾದ, ಆಮೇಲೆ ಹಲಗೆ ನೋಡಿ ನಕ್ಕ. “ನೋಡ್ರಿ ಅಮೀನ್ರ, ವಾರಂಟ್‌ನ್ಯಾಗ ನವಿಲು ಅಂತ ಐತಿ. ಇದು ಕೋಳಿ.”

ಅಮೀನರು ಕನ್ನಡಕ ಹಾಕಿಕೊಂಡು ವಾರಂಟು ಓದಿದರು, ಹಲಗೆ ನೋಡಿದರು, ಮತ್ತೆ ಓದಿದರು. “ಹೌದ್ರಿ ವಕೀಲ್ರ, ಕೋಳಿನಽ ಐತಿ.”

ನಿಜ ಹೇಳಬೇಕೆಂದರೆ ಅದು ಕೋಳಿಯೇ. ಗಿಡ್ಡ ಕಾಲು, ದಪ್ಪ ಹೊಟ್ಟೆ, ಬಾಲ ಪೊರಕೆಯ ಹಾಗೆ. ಅಂದು ಆಫೀಸಿನಲ್ಲಿ ಲಾರಿ ಮಾಲೀಕನ ಹೆಂಡತಿ ನಕ್ಕದ್ದು ಯಾಕೆಂದು ಆಗ ತಿಳಿಯಿತು. ಆದರೆ ನನ್ನ ಪಿತ್ತ ನೆತ್ತಿಗೇರಿತ್ತು. ಕರಿ ಕೋಟಿನಲ್ಲೇ ಕೆಸರಿನಲ್ಲಿ ಮಲಗಿ ಲಾರಿಯ ಕೆಳಗೆ ನುಗ್ಗಿದೆ. ತೊಳೆದ ಚಾಸಿಯ ಮೇಲಿನ ಒಂದೊಂದು ಅಂಕಿಯನ್ನೂ ಕೂಗಿ ಹೇಳಿದೆ. ಮೇಲಿನಿಂದ ಅಮೀನರು ವಾರಂಟು ನೋಡಿಕೊಂಡು ಒಂದೊಂದಕ್ಕೂ “ಹೌದು” ಎನ್ನುತ್ತ ಬಂದರು.

“ನಂಬರ್ ತಾಳೆ ಆತು” ಎಂದು ಅವರು ಪೆನ್ನು ತೆಗೆದರು. ಆಮೇಲೆ ಲಾರಿ ಮಾಲೀಕನ ಮುಖ ನೋಡಿದರು. “ಏನಪಾ ಇದು?”

“ನವಿಲ್ರಿ ಸಾಹೇಬ್ರ.”

ಅಮೀನರು ನವಿಲು ಎಂದೇ ಬರೆದರು.

ಮರುದಿನ ಬೆಳಿಗ್ಗೆ ಚೆಂಡುಹೂವಿನ ಹಾರ ಹಾಕಿಕೊಂಡ ಲಾರಿ ನನ್ನ ಮನೆಯ ಮುಂದೆ ನಿಂತಿತು. ಕ್ಯಾಬಿನ್ನಿನಿಂದ ಗಂಡಹೆಂಡತಿ ಇಬ್ಬರೂ ಇಳಿದರು. ಅವನು ಸಂಕೋಚದಿಂದ, “ಪೇಂಟರ್‌ನ ಕರಸಿ ಚಂದಂಗೆ ನವಿಲು ಬರಸ್ತೀನ್ರಿ” ಎಂದ. ವರ್ಷಗಟ್ಟಲೆ ಆ ಚಿತ್ರವನ್ನು ಗೇಲಿ ಮಾಡಿದ್ದ ಹೆಂಡತಿ ಹೋಗಿ ಹಲಗೆಯ ಮೇಲೆ ಕೈಯಿಟ್ಟಳು.

“ಬ್ಯಾಡ, ಇದಕ್ಕ ಕೈ ಹಚ್ಚಬ್ಯಾಡ. ನವಿಲಾಗಿದ್ರ ಹಾರಿ ಹೋಗ್ತಿತ್ತು. ಕೋಳಿ ಅಂತನಽ ತಿರುಗಿ ಮನಿಗೆ ಬಂತು.”