ಶಿವಾಜಿನಗರದ ಮೇಣದ ಗೊಂಬೆ

ಸೆಪ್ಟೆಂಬರ್ ತಿಂಗಳ ಒಂದು ಶನಿವಾರ ಬೆಳಿಗ್ಗೆ ನಾವು ಮೂವರು ಕೃಷ್ಣರಾಜಪುರದಿಂದ ಶಿವಾಜಿನಗರಕ್ಕೆ ಹೊರಟೆವು: ನನ್ನ ಅಮ್ಮ, ಹೆಂಡತಿ ಗೀತಾ ಮತ್ತು ನಾನು. ಹದಿನಾಲ್ಕು ಕಿಲೋಮೀಟರಿಗೆ ಪ್ರವಾಸವೆಂಬ ದೊಡ್ಡ ಹೆಸರು ಬೇಕೇ ಎಂದು ನೀವು ನಗಬಹುದು. ಊಟಿಗೆ ಹೋಗಿಬಂದದ್ದು ನನಗೆ ಮರೆತೇ ಹೋಗಿದೆ, ಇದು ಮರೆತಿಲ್ಲ. ತೊಂಬತ್ತರ ದಶಕದ ಕೊನೆಯ ಮಾತು.

ಮದುವೆಯಾಗಿ ಆರು ವರ್ಷವಾದರೂ ನಮಗೆ ಮಕ್ಕಳಿರಲಿಲ್ಲ. ನಾನು ಅಮ್ಮನಿಗೆ ಒಬ್ಬನೇ ಮಗ. ಹೀಗಾಗಿ ಸೊಸೆಯನ್ನು ಕರೆದುಕೊಂಡು ಅವಳು ಸುತ್ತದ ಗುಡಿಯಿಲ್ಲ, ದರ್ಗಾವಿಲ್ಲ. ಆ ಸಲ ಶಿವಾಜಿನಗರದ ಮೇರಿಯಮ್ಮನ ಚರ್ಚಿನ ಸರದಿ. ಹಬ್ಬದ ದಿನಗಳಲ್ಲಿ ಅಲ್ಲಿಗೆ ಹರಕೆ ಹೊತ್ತು ಬಂದವರನ್ನು ಯಾರೂ ಯಾವ ಜಾತಿ ಎಂದು ಕೇಳುವುದಿಲ್ಲ. ಹರಕೆಯ ಪ್ರಕಾರ ಗೀತಾ ಹಿಂದಿನ ದಿನದಿಂದ ಏನೂ ತಿಂದಿರಲಿಲ್ಲ.

ಅಮ್ಮನಿಗೆ ಗೊತ್ತಿಲ್ಲದ್ದೊಂದು ನಮ್ಮಿಬ್ಬರಿಗೆ ಗೊತ್ತಿತ್ತು. ಹಿಂದಿನ ವಾರವಷ್ಟೇ ನನ್ನ ರಕ್ತಪರೀಕ್ಷೆಯ ಫಲಿತಾಂಶ ಬಂದಿತ್ತು. ಸಾಮಾನ್ಯವಾಗಿ ಮನುಷ್ಯನ ಜೀವಕೋಶದಲ್ಲಿ ನಲವತ್ತಾರು ಕ್ರೋಮೋಸೋಮುಗಳಿದ್ದರೆ ನನ್ನಲ್ಲಿ ನಲವತ್ತೇಳು. ಗಂಡಸಿಗೆ ಒಂದು ಎಕ್ಸ್, ಒಂದು ವೈ ಇರಬೇಕು. ನನಗೆ ವೈ ಜೊತೆ ಎಕ್ಸ್ ಎರಡು. ಹುಟ್ಟುವ ಮೊದಲೇ ಸೇರಿಕೊಂಡದ್ದು, ಯಾರ ತಪ್ಪೂ ಅಲ್ಲ, ಆದರೆ ಮಕ್ಕಳಾಗುವ ಆಸೆ ಇಟ್ಟುಕೊಳ್ಳಬೇಡಿ ಎಂದು ಡಾಕ್ಟರು ಹೇಳಿದ್ದರು. ಅಮ್ಮ ಊರಿಗೆಲ್ಲ ಕೊಚ್ಚಿಕೊಳ್ಳುತ್ತಿದ್ದ ನನ್ನ ಎತ್ತರದಲ್ಲೂ ಅದರ ಕೈವಾಡವಿರಬಹುದಂತೆ. ಅಮ್ಮನಿಗೆ ಹೇಳಿಬಿಡುತ್ತೇನೆ ಎಂದರೆ ಗೀತಾ ಒಪ್ಪಲಿಲ್ಲ.

"ಗಂಡಸಿನ ವಿಷಯ ನಾಲ್ಕು ಜನರ ಬಾಯಿಗೆ ಬಿದ್ರೆ ಆಡ್ಕೊಂಡು ನಗ್ತಾರೆ ರೀ. ನನ್ನ ಮೇಲೇ ಇರ್ಲಿ ಬಿಡಿ. ನಂಗೆ ಅಭ್ಯಾಸ ಆಗಿದೆ," ಎಂದಿದ್ದಳು.

ಆ 'ಅಭ್ಯಾಸ' ಎಂಬ ಮಾತು ವಾರವಿಡೀ ನನ್ನನ್ನು ಕೊರೆಯುತ್ತಿತ್ತು.

ಬಸ್ಸಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಮೇರಿಯಮ್ಮನ ಹರಕೆಗೆಂದು ಕಾವಿ ಬಣ್ಣದ ಸೀರೆಯುಟ್ಟ ಹೆಂಗಸರು ತಮಿಳಿನಲ್ಲಿ ಹಾಡು ಹೇಳಿಕೊಂಡು ಹೊರಟಿದ್ದರು. ಟಿಕೆಟ್ ತಲಾ ಐದು ರೂಪಾಯಿ. ಟಿನ್ ಫ್ಯಾಕ್ಟರಿ ಹತ್ತಿರ ಬಸ್ಸು ತುಂಬ ಹೊತ್ತು ಅಲ್ಲಾಡಲೇ ಇಲ್ಲ. ತಲೆ ಸೂರಿಗೆ ಬಡಿಯದಂತೆ ಕತ್ತು ಬಗ್ಗಿಸಿ ನಿಂತು, ಈಗ ಹೇಳಲೇ, ಇಳಿದ ಮೇಲೆ ಹೇಳಲೇ ಎಂದು ನಾನು ಲೆಕ್ಕ ಹಾಕುತ್ತಿದ್ದೆ. ಹಲಸೂರು ಕೆರೆಯ ಹತ್ತಿರ ತುಂತುರು ಶುರುವಾಯಿತು. ಗೀತಾ ಕಂಬಕ್ಕೆ ತಲೆಯಾನಿಸಿ ಕಣ್ಣು ಮುಚ್ಚಿಕೊಂಡಿದ್ದಳು. ನನ್ನ ಲೆಕ್ಕ ಮುಗಿಯುವ ಮೊದಲೇ ಶಿವಾಜಿನಗರ ಬಂದುಬಿಟ್ಟಿತು.

ಚರ್ಚಿನ ದಾರಿಯುದ್ದಕ್ಕೂ ಅಂಗಡಿಗಳು. ಮೇಣದಬತ್ತಿಗಳ ಜೊತೆ ಮೇಣದ ಕೈ, ಕಾಲು, ಕಣ್ಣು, ತೊಟ್ಟಿಲು, ಹೆಣ್ಣಿನ ಗೊಂಬೆ, ಗಂಡಿನ ಗೊಂಬೆ. ಯಾರಿಗೆ ಎಲ್ಲಿ ನೋವೋ ಅದನ್ನು ಕೊಂಡು ಒಳಗೆ ಒಪ್ಪಿಸುವುದು ಅಲ್ಲಿನ ಪದ್ಧತಿ.

"ಒಂದು ತೊಟ್ಟಿಲು ಕೊಡಮ್ಮ. ಸೊಸೆಗೆ. ಹೆಣ್ಣಿನ ಗೊಂಬೆನೂ ಕೊಡು, ಅವಳ ಮೈ ಸರಿಹೋಗ್ಲಿ," ಎಂದಳು ಅಮ್ಮ.

ಅಂಗಡಿಯವಳು ಹೆಣ್ಣಿನ ಗೊಂಬೆಯನ್ನು ಗೀತಾಳ ಮುಂದೆ ಹಿಡಿದಳು. ಗೀತಾ ಅದನ್ನು ತೆಗೆದುಕೊಳ್ಳಲು ಕೈ ಚಾಚಿದಳು. ಅದನ್ನು ನೋಡಿ ನನ್ನಿಂದ ತಡೆದುಕೊಳ್ಳಲಾಗಲಿಲ್ಲ.

"ಅದು ಬೇಡ. ಗಂಡಿನ ಗೊಂಬೆ ಕೊಡಿ," ಎಂದೆ.

"ಗಂಡಿಂದು ಯಾಕೋ?" ಅಮ್ಮ ತಿರುಗಿದಳು.

"ತೊಂದರೆ ಇರೋದು ನಂಗಮ್ಮ. ಗೀತಾಗೆ ಏನೂ ಇಲ್ಲ. ರಕ್ತ ಪರೀಕ್ಷೆ ಮಾಡಿ ಹೇಳಿದಾರೆ."

ಜನ ನಮ್ಮನ್ನು ತಳ್ಳಿಕೊಂಡು ಹೋಗುತ್ತಿದ್ದರು. ಅಂಗಡಿಯ ಪಕ್ಕದ ಗೋಡೆಗೆ ಒತ್ತಿ ನಿಂತು, ಒಂದು ಕ್ರೋಮೋಸೋಮು ಜಾಸ್ತಿಯಾದ ಕಥೆಯನ್ನು ನನಗೆ ತಿಳಿದಷ್ಟು ಹೇಳಿದೆ.

"ಕಮ್ಮಿ ಆದ್ರೆ ತೊಂದರೆ ಅಂತ ಕೇಳಿದೀನಿ. ಜಾಸ್ತಿ ಆದ್ರೂನಾ?" ಎಂದಳು ಅಮ್ಮ. ಆಮೇಲೆ ದನಿ ತಗ್ಗಿಸಿ, "ನನ್ನಿಂದ ಬಂತೇನೋ?"

"ಯಾರಿಂದಲೂ ಅಲ್ಲಮ್ಮ. ತಾನಾಗೇ ಆಗಿದ್ದು."

"ನಿಂಗೆ ಎಲ್ಲಾದ್ರೂ ನೋವಿದ್ಯಾ?"

ಇಲ್ಲವೆಂದು ತಲೆಯಾಡಿಸಿದೆ. ಮೊಮ್ಮಕ್ಕಳ ಮಾತು ಬರುತ್ತದೆ ಎಂದು ವಾರದಿಂದ ಹೆದರಿದ್ದೆ. ಅವಳಿಗೆ ಬೇಕಾದದ್ದು ನನಗೆ ನೋವಿಲ್ಲ ಎಂಬುದಷ್ಟೇ ಆಗಿತ್ತು. ಅಮ್ಮ ಗೀತಾಳ ಕಡೆ ನೋಡಿದಳು.

"ನಿಂಗೆ ಗೊತ್ತಿತ್ತಾ?"

"ಹೂಂ ಅತ್ತೆ."

"ಗೊತ್ತಿದ್ದೂ ಹಸ್ಕೊಂಡು ಬಂದ್ಯಾ? ಬುದ್ಧಿ ಇಲ್ವೇನೇ ನಿಂಗೆ? ನಡಿ, ಮೊದ್ಲು ಏನಾದ್ರೂ ತಿನ್ನು."

ಬಸ್ ನಿಲ್ದಾಣದ ಎದುರಿನ ಹೋಟೆಲಿನಲ್ಲಿ ಇಡ್ಲಿ ಬಂತು. ಅಮ್ಮ ತನ್ನ ತಟ್ಟೆಯ ವಡೆಯನ್ನೂ ಗೀತಾಳ ತಟ್ಟೆಗೆ ಹಾಕಿ, ಅವಳು ಕೊನೆಯ ತುತ್ತು ತಿನ್ನುವವರೆಗೆ ಕಾಫಿ ಮುಟ್ಟಲಿಲ್ಲ. ಆಮೇಲೆ ಅಂಗಡಿಗೆ ಹಿಂತಿರುಗಿ ಗಂಡಿನ ಗೊಂಬೆಯನ್ನು ಅಮ್ಮನೇ ಕೊಂಡು, ತಾನೇ ಚರ್ಚಿನೊಳಗೆ ಒಪ್ಪಿಸಿ ಬಂದಳು. ಏನು ಬೇಡಿಕೊಂಡೆ ಎಂದು ಕೇಳಿದ್ದಕ್ಕೆ, "ನಿನ್ನ ಆಯಸ್ಸು. ಇನ್ನೇನು ಕೇಳ್ಲಿ?" ಎಂದು ಗದರಿದಳು. ತೊಟ್ಟಿಲಿನ ವಿಚಾರ ಎತ್ತಲಿಲ್ಲ.

ವಾಪಸ್ ಬರುವ ಬಸ್ಸಿನಲ್ಲಿ ಅತ್ತೆ ಸೊಸೆಗೆ ಸೀಟು ಸಿಕ್ಕಿತು. ನಾನು ಎಂದಿನಂತೆ ಕತ್ತು ಬಗ್ಗಿಸಿ ನಿಂತೆ. ಇಂದಿರಾನಗರ ದಾಟುವಾಗ, ಪಕ್ಕದಲ್ಲಿ ಕೂತಿದ್ದ ಬುರ್ಖಾದ ಅಜ್ಜಿಯೊಬ್ಬರು ಗೀತಾಳನ್ನು ಪ್ರೀತಿಯಿಂದಲೇ ಕೇಳಿದರು: "ಎಷ್ಟು ಮಕ್ಳು ಬೇಟಿ ನಿಂಗೆ?"

ಗೀತಾ ತಲೆ ತಗ್ಗಿಸಿದಳು. ನಾನು ಬಾಯಿ ತೆರೆಯುವಷ್ಟರಲ್ಲಿ ಅಮ್ಮ ಅವಳ ಕೈಯನ್ನು ತನ್ನ ಮಡಿಲಿಗೆ ಎಳೆದುಕೊಂಡಳು.

"ಅವಳನ್ನ ಯಾಕೆ ಕೇಳ್ತೀರಾ, ನನ್ನ ಕೇಳಿ. ನಂಗೆ ಇಬ್ಬರು. ದೊಡ್ಡವನು ಅಲ್ಲಿ ನಿಂತಿದಾನೆ ನೋಡಿ. ಇವಳು ಚಿಕ್ಕವಳು."

ಗೀತಾ ಆಗ ಅತ್ತಳು. ಆರು ವರ್ಷಗಳಲ್ಲಿ ಅವಳು ಅಮ್ಮನ ಮುಂದೆ ಅತ್ತದ್ದು ಅದೇ ಮೊದಲು.